ಹತ್ತು ಹಲ್ಲಿನ ಸುತ್ತೋಲೆ

ಜನನ ಮತ್ತು ಮರಣ ನೋಂದಣಿ ಕಚೇರಿಯಲ್ಲಿ ಕಿಟಕಿಯ ಹಿಂದೆ ಕೂರುವ ಪ್ರತಿಯೊಬ್ಬ ನೌಕರನ ನಗು ಅರವತ್ತೆರಡು ಮಿಲಿಮೀಟರಿಗೆ ಕಡಿಮೆ ಇಲ್ಲದಂತೆ ಅಗಲವಿರತಕ್ಕದ್ದು ಮತ್ತು ಅದರೊಳಗೆ ಕನಿಷ್ಠ ಹತ್ತು ಹಲ್ಲುಗಳು ಕಾಣತಕ್ಕದ್ದು. ಈ ನಿಯಮ ಜಾರಿಗೆ ಬಂದ ಬೆಳಿಗ್ಗೆ ಮೂರನೇ ಕಿಟಕಿಯವರ ನಗು ನಲವತ್ತಾರು ಮಿಲಿಮೀಟರ್ ಇತ್ತು. ಹಲ್ಲು ಒಂದೂ ಕಾಣುತ್ತಿರಲಿಲ್ಲ.

ಮೂರನೇ ಕಿಟಕಿಯಲ್ಲಿ ಕೊಡುವುದು ಮರಣ ಪ್ರಮಾಣಪತ್ರ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಕೂತವರು ಇವರೊಬ್ಬರೇ. ಅರ್ಜಿ ಕೈಗೆ ಬಂದರೆ ಸಾಕು, ಒಮ್ಮೆ ತಿರುವಿ ನೋಡಿ, "ಆಸ್ಪತ್ರೆ ಚೀಟಿ ಇದೆ, ಗುರುತಿನ ಚೀಟಿ ಇದೆ, ಸಾಕ್ಷಿ ಸಹಿ ಒಂದು ಬೇಕು. ಅದೊಂದು ಹಾಕಿಸ್ಕೊಂಡು ಬನ್ನಿ, ಮತ್ತೆ ಓಡಾಡೋದು ಬೇಡ" ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದರು. ಹೇಳಿ ಮುಗಿಸಿ, ತುಟಿ ಬಿಚ್ಚದೆ ಸಣ್ಣಗೆ ನಗುತ್ತಿದ್ದರು. ಆ ನಗುವಿಗೆ ಸತ್ತವರೇನೂ ಎದ್ದು ಬರುತ್ತಿರಲಿಲ್ಲ. ಬದುಕಿದ್ದವರು ಮಾತ್ರ ಕಣ್ಣೊರೆಸಿಕೊಂಡು ಮನೆಯ ದಾರಿ ಹಿಡಿಯುತ್ತಿದ್ದರು. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿತ್ತು. ಆ ಹದಿನಾಲ್ಕು ತಿಂಗಳನ್ನೂ ಅದೇ ಕಿಟಕಿಯಲ್ಲಿ ಜನರ ಮುಖ ನೋಡುತ್ತಾ ಕಳೆಯಬೇಕು ಎನ್ನುವುದೊಂದೇ ಅವರ ಆಸೆ.

ಸುತ್ತೋಲೆಯ ಹಿಂದಿನ ಕತೆ ಇಷ್ಟು. ಕಚೇರಿಯ ಬಾಗಿಲಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಒಂದು ಪೆಟ್ಟಿಗೆ ಇಡಲಾಗಿತ್ತು. ವರ್ಷದ ಕೊನೆಗೆ ಬೀಗ ತೆಗೆದಾಗ ನಲವತ್ತೊಂದು ಚೀಟಿಗಳು ಸಿಕ್ಕವು. ಒಂದು ಪತ್ರಕ್ಕೆ ನಾಲ್ಕು ಸಲ ಅಲೆಸುತ್ತಾರೆ ಎಂದು ಕೆಲವರು ಬರೆದಿದ್ದರು. ಕೂರಲು ಬೆಂಚಿಲ್ಲ ಎಂದು ಕೆಲವರು, ಫ್ಯಾನು ತಿರುಗುವುದಿಲ್ಲ ಎಂದು ಇನ್ನು ಕೆಲವರು. ಒಂದೇ ಒಂದು ಚೀಟಿಯಲ್ಲಿ, "ಈ ಕಚೇರಿಯಲ್ಲಿ ನಗುಮುಖದಿಂದ ಮಾತಾಡಿಸುವವರು ಯಾರೂ ಇಲ್ಲ" ಎಂದಿತ್ತು. ಪರಿಶೀಲನಾ ಸಮಿತಿ ಮೂರು ಸಭೆ ನಡೆಸಿತು. ಅಲೆದಾಟ ತಪ್ಪಿಸಲು ಸಿಬ್ಬಂದಿ ಬೇಕು, ಬೆಂಚಿಗೆ ಮರ ಬೇಕು, ಫ್ಯಾನಿಗೆ ಬೇರೆ ಇಲಾಖೆಯ ಒಪ್ಪಿಗೆ ಬೇಕು, ಆದರೆ ಬಾಯಿ ಮಾತ್ರ ನಮ್ಮ ಇಲಾಖೆಯದೇ ಆಗಿರುವುದರಿಂದ ಕೂಡಲೇ ಕ್ರಮ ಕೈಗೊಳ್ಳಬಹುದು ಎಂದು ತೀರ್ಮಾನವಾಯಿತು. ಆ ಚೀಟಿಗೆ ಹಿಂದುಗಡೆಯೆಲ್ಲ ಗೋಂದು ಬಳಿದು, ಬಿಳಿ ಹಾಳೆಗೆ ಭದ್ರವಾಗಿ ಅಂಟಿಸಿ, ಪುಟ ಒಂದು ಎಂದು ಸಂಖ್ಯೆ ಹಾಕಿ ಕಡತ ತೆರೆದರು. ಸಣ್ಣ ಕಾಗದಗಳು ಕಳೆದುಹೋಗಬಾರದೆಂದು ಹೀಗೆ ಪೂರ್ತಿ ಅಂಟಿಸುವುದು ಆ ಕಚೇರಿಯ ಹಳೆಯ ಪದ್ಧತಿ.

ತಜ್ಞರ ಸಲಹೆ ಬೇಕಾಯಿತು. ದಂತವೈದ್ಯರೊಬ್ಬರನ್ನು ಕರೆಸಲಾಯಿತು. ಅವರು ಮುಖ್ಯಾಧಿಕಾರಿಗಳ ಭಾವಮೈದುನ ಆಗಿದ್ದದ್ದು ಆಕಸ್ಮಿಕ ಎಂದು ನಡಾವಳಿಯಲ್ಲೇ ದಾಖಲಾಗಿದೆ.

ದಂತವೈದ್ಯರು ಸಭಾಂಗಣದ ಗೋಡೆಯ ಮೇಲೆ ಬಾಗಿಲಗಲದ ಒಂದು ಬಾಯಿ ಮೂಡಿಸಿ, ಕೋಲು ಹಿಡಿದು ವಿವರಿಸಿದರು. "ನಗುವಾಗ ಬಾಯಿಯ ಎರಡೂ ಮೂಲೆಯಲ್ಲಿ, ಹಲ್ಲಿಗೂ ಕೆನ್ನೆಗೂ ನಡುವೆ ಸ್ವಲ್ಪ ಕತ್ತಲೆ ಕಾಣುತ್ತೆ ನೋಡಿ. ಆ ಕತ್ತಲೆ ಜಾಸ್ತಿ ಇದ್ರೆ ನಗು ಚಿಕ್ಕದಾಗಿ ಕಾಣುತ್ತೆ. ಅದನ್ನ ತುಂಬಿದ್ರೆ ನಗು ಅಗಲವಾಗುತ್ತೆ."

"ಕತ್ತಲೆ ಅಂದ್ರೆ ದೀಪದ ವಿಷಯ ಅಲ್ವಾ? ನಮ್ಮ ವಿದ್ಯುತ್ ಶಾಖೆಯವರನ್ನೇ ಕೇಳಬಹುದಿತ್ತು" ಎಂದರು ಮುಖ್ಯಾಧಿಕಾರಿಗಳು.

ದಂತವೈದ್ಯರು ಭಾವನ ಮಾತಿಗೆ ತಲೆಯಾಡಿಸಿ ಮುಂದುವರಿದರು. ಹಲ್ಲಿನ ಮುಂದೆ ಉಗುರಿನಷ್ಟು ತೆಳುವಾದ ಪಿಂಗಾಣಿ ಪದರ ಅಂಟಿಸಬಹುದು, ಅದಕ್ಕೆ ವೆನಿಯರ್ ಎನ್ನುತ್ತಾರೆ. ಹಲ್ಲಿನ ಬಣ್ಣದ ಲೇಪ ಮೆತ್ತಿ ದಪ್ಪ ಮಾಡಬಹುದು. ತಂತಿ ಕಟ್ಟಿ ಸಾಲನ್ನೇ ಹೊರಕ್ಕೆ ಸರಿಸಬಹುದು, ಅದಕ್ಕೆ ಎರಡು ವರ್ಷ ಬೇಕು. ಅಂಗುಳ ಅಗಲಿಸುವ ಉಪಕರಣವೂ ಇದೆ, ಆದರೆ ಅದು ಬೆಳೆಯುವ ಮಕ್ಕಳಿಗೆ. ಇದಾವುದೂ ಬೇಡವೆಂದರೆ, ಇದ್ದ ಹಲ್ಲಿನ ಮೇಲೆ ಟೋಪಿಯಂತೆ ಕೂರುವ, ತೆಗೆದು ಹಾಕಬಹುದಾದ ಒಂದು ಸಾಲು ಉಂಟು. ಬೆಳಿಗ್ಗೆ ಹಾಕಿಕೊಂಡು ಸಂಜೆ ತೆಗೆದಿಡಬಹುದು.

"ತೆಗೆದಿಡಬಹುದು ಅಂದ್ರೆ ದಾಸ್ತಾನಿಗೆ ತಗೋಬಹುದು" ಎಂದರು ಉಗ್ರಾಣದವರು. ಕಚೇರಿಯ ಮೇಜು, ಕುರ್ಚಿ, ಶಾಯಿ, ಗೋಂದು ಎಲ್ಲಕ್ಕೂ ಲೆಕ್ಕ ಇಡುವವರು ಅವರೇ. ನೌಕರನ ಬಾಯಲ್ಲೇ ಉಳಿದುಬಿಡುವ ವಸ್ತುವಿಗೆ ನಂಬರು ಬರೆಯುವುದು ಹೇಗೆ ಎಂಬ ಅವರ ಚಿಂತೆ ಅಲ್ಲಿಗೆ ಬಗೆಹರಿಯಿತು.

ಖರೀದಿ ನಿಯಮದ ಪ್ರಕಾರ ಮೊದಲು ಒಂದು ಮಾದರಿ ತಯಾರಾಗಬೇಕು, ಅದನ್ನು ಕಚೇರಿಯ ಮುಖ್ಯಸ್ಥರು ಖುದ್ದಾಗಿ ಪರೀಕ್ಷಿಸಿ ಒಪ್ಪಬೇಕು, ಆಮೇಲೆ ಬರುವ ಸರಕು ಒಪ್ಪಿದ ಮಾದರಿಗಿಂತ ಕೂದಲೆಳೆಯಷ್ಟೂ ಬೇರೆಯಾಗಿರಬಾರದು. ಮುಖ್ಯಾಧಿಕಾರಿಗಳು ಖುದ್ದಾಗಿ ಬಾಯಿ ತೆರೆದು ಅಚ್ಚು ಕೊಟ್ಟರು. ಮಾದರಿ ಬಂತು. ಹಾಕಿಕೊಂಡು ನೋಡಿದರು, ಹೇಳಿ ಮಾಡಿಸಿದ ಹಾಗೆ ಕೂತಿತು. ಒಪ್ಪಿ ಸಹಿ ಹಾಕಿದರು.

"ಒಬ್ಬೊಬ್ಬರ ಬಾಯಿ ಒಂದೊಂದು ಥರ ಇರುತ್ತೆ. ಎಲ್ಲರ ಅಚ್ಚೂ ತಗೋಬೇಕು" ಎಂದು ದಂತವೈದ್ಯರೇ ಆಕ್ಷೇಪ ಎತ್ತಿದರು. ಅವರಿಗೆ ತಮ್ಮ ವಿದ್ಯೆಯ ಮೇಲೆ ಅಷ್ಟು ಗೌರವ ಇನ್ನೂ ಉಳಿದಿತ್ತು.

"ಸಾರ್, ಕುರ್ಚಿ ತರಿಸುವಾಗ ನಾವು ಒಬ್ಬೊಬ್ಬರ ಸೊಂಟ ಅಳೀತೀವಾ?" ಎಂದು ಉಗ್ರಾಣದವರು ಕೇಳಿದರು. ದಂತವೈದ್ಯರು ಅಚ್ಚಿನ ತಟ್ಟೆಯನ್ನು ಚೀಲಕ್ಕೆ ಹಾಕಿಕೊಂಡರು. ಮುಖ್ಯಾಧಿಕಾರಿಗಳ ಬಾಯಿಯ ಅಳತೆಯಲ್ಲಿ ಹತ್ತೊಂಬತ್ತು ಸಾಲು ಹಲ್ಲುಗಳು ಎರಡು ರಟ್ಟಿನ ಪೆಟ್ಟಿಗೆಯಲ್ಲಿ ಬಂದಿಳಿದವು.

ಹಂಚಿಕೆಗೆ ಮುಂಚೆ ಮೂರನೇ ಕಿಟಕಿಯವರು ಒಂದು ಮನವಿ ಬರೆದರು. ತಮ್ಮಲ್ಲಿಗೆ ಬರುವವರು ಮನೆಯವರನ್ನು ಕಳೆದುಕೊಂಡು ಬಂದಿರುತ್ತಾರೆ, ಅವರೆದುರು ಹತ್ತು ಹಲ್ಲು ಬಿಟ್ಟು ಕೂರುವುದು ಸರಿ ಕಾಣುವುದಿಲ್ಲ, ಆದ್ದರಿಂದ ಮೂರನೇ ಕಿಟಕಿಗೆ ವಿನಾಯಿತಿ ಕೊಡಬೇಕು ಎಂದು. ಮೂರು ದಿನದಲ್ಲಿ ಉತ್ತರ ಬಂತು. "ಸುತ್ತೋಲೆಯು ಕಿಟಕಿ ಕಿಟಕಿಗಳ ನಡುವೆ ಭೇದವೆಣಿಸುವುದಿಲ್ಲ. ಜನನವಾಗಲಿ ಮರಣವಾಗಲಿ ಸೇವೆಯು ಒಂದೇ. ನಿಗದಿತ ಅಗಲ ಮುಟ್ಟದವರನ್ನು ನೆಲಮಾಳಿಗೆಯ ದಾಖಲೆ ಕೊಠಡಿಗೆ ವರ್ಗಾಯಿಸಲಾಗುವುದು."

ನೆಲಮಾಳಿಗೆಗೆ ಕಿಟಕಿ ಇರಲಿಲ್ಲ. ಜನರೂ ಬರುತ್ತಿರಲಿಲ್ಲ. ಹಿಂದೆ ಅಲ್ಲಿಗೆ ಹೋದವರೊಬ್ಬರು ಕಪಾಟುಗಳ ಜೊತೆ ಮಾತಾಡಲು ಕಲಿತಿದ್ದರು, ಕಪಾಟುಗಳು ತಮ್ಮನ್ನು ಸರಿಯಾಗಿ ಗೌರವಿಸುತ್ತಿಲ್ಲ ಎಂದು ದೂರನ್ನೂ ಕೊಟ್ಟಿದ್ದರು. ಮೂರನೇ ಕಿಟಕಿಯವರಿಗೆ ನಿಜಕ್ಕೂ ಭಯವಾಯಿತು. ಸುಮ್ಮನೆ ಸಹಿ ಹಾಕಿ ಹಲ್ಲು ತೆಗೆದುಕೊಂಡರು. ನಂಬರು ಹನ್ನೊಂದು.

"ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದಂತೆ. ಇವರು ಹಲ್ಲನ್ನೇ ದಾನ ಕೊಟ್ಟಿದಾರೆ, ಎಣಿಸಿ ತಗೊಳ್ಳಿ" ಎಂದರು ಒಂದನೇ ಕಿಟಕಿಯಲ್ಲಿ ಜನನ ಬರೆಯುವ ಹೆಂಗಸು. ಅವರನ್ನು ಎಲ್ಲರೂ ಜನನದಕ್ಕ ಎನ್ನುತ್ತಿದ್ದರು.

ಮನೆಯಲ್ಲಿ ಮೂರನೇ ಕಿಟಕಿಯವರು ಕನ್ನಡಿಯ ಮುಂದೆ ನಿಂತು ಹಾಕಿಕೊಂಡು ನೋಡಿದರು. ಮುಖ್ಯಾಧಿಕಾರಿಗಳದು ದೊಡ್ಡ ದವಡೆ, ಇವರದು ಸಣ್ಣ ಬಾಯಿ. ತುಟಿಗಳು ಎಷ್ಟು ಎಳೆದರೂ ಮುಚ್ಚಲಿಲ್ಲ. ಹೆಂಡತಿ ಬಟ್ಟೆ ಮಡಿಸುತ್ತಾ ಬಂದವಳು ಬಾಗಿಲಲ್ಲೇ ನಿಂತಳು.

"ಯಾರೋ ಬಂದಿದಾರೆ ಅಂದ್ಕೊಂಡೆ."

"ನಾನೇ ಕಣೇ" ಎಂದರು. ಬಾಯಿಂದ ಬಂದದ್ದು ಬೇರೇನೋ.

"ತೆಗೀರಿ ಅದನ್ನ. ಮದುವೆಗೆ ಮುಂಚೆ ಈ ಹಲ್ಲು ಇದ್ದಿದ್ರೆ ನಾನು ಒಪ್ತಾನೇ ಇರ್ಲಿಲ್ಲ" ಎಂದಳು. ಆಮೇಲೆ ಗಂಡನ ಮುಖ ನೋಡಿ ಮೆತ್ತಗಾದಳು. "ಹದಿನಾಲ್ಕು ತಿಂಗಳು ತಾನೇ. ಹಲ್ಲು ಕಚ್ಚಿಕೊಂಡು ಇದ್ದುಬಿಡಿ."

ಮರುದಿನ ಹತ್ತು ಗಂಟೆಗೆ ಉಗ್ರಾಣದವರು ಮೇಜಿನ ಹಲಗೆ ಅಳೆಯುವ ಹಿತ್ತಾಳೆ ಪಟ್ಟಿ ಹಿಡಿದು ಪ್ರತಿ ಕಿಟಕಿಗೂ ಬಂದರು. ಎಲ್ಲರದೂ ಅರವತ್ತನಾಲ್ಕು. ಯಾವ ಕಿಟಕಿಗೆ ಹೋದರೂ ಮುಖ್ಯಾಧಿಕಾರಿಗಳೇ ನಗುತ್ತಿದ್ದರು. ಸಾರ್ವಜನಿಕರು ಸಾಲಿನಲ್ಲಿ ನಿಂತು ಒಬ್ಬರನ್ನೊಬ್ಬರು ನೋಡಿಕೊಂಡರು. ಒಂದನೇ ಕಿಟಕಿಯ ಎದುರು ಎತ್ತಿಕೊಂಡಿದ್ದ ಮಗು ಕಿಟಾರನೆ ಕಿರುಚಿತು. ಅದನ್ನು ಹರ್ಷೋದ್ಗಾರ ಎಂದು ಬರೆದುಕೊಳ್ಳಲಾಯಿತು.

ಮೂರನೇ ಕಿಟಕಿಗೆ ಆ ದಿನ ಮೊದಲು ಬಂದವಳು ಬಟ್ಟೆ ಹೊಲಿಯುವ ಹೆಂಗಸು. ಗಂಡ ತೀರಿಕೊಂಡು ಒಂಬತ್ತು ದಿನವಾಗಿತ್ತು. ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಲೋಹದ ಟೋಪಿ ಇನ್ನೂ ಹಾಗೇ ಇತ್ತು, ತೆಗೆಯುವುದನ್ನು ಮರೆತಿದ್ದಳು. ಅರ್ಜಿಯನ್ನು ಒಳಗೆ ತಳ್ಳಿ ತಲೆಯೆತ್ತಿ ನೋಡಿದಳು. ನೋಡುತ್ತಲೇ ನಿಂತಳು.

"ಯಾಕಣ್ಣ ನಗ್ತಿದೀರಿ?" ಎಂದಳು. ಸಿಟ್ಟಿನಿಂದಲ್ಲ, ತಿಳಿಯದೆ ಕೇಳಿದಳು.

ಅವರು ಅರ್ಜಿ ತಿರುವಿದರು. ಸಾಕ್ಷಿ ಸಹಿ ಒಂದು ಇರಲಿಲ್ಲ. ಹೇಳಲು ಬಾಯಿ ತೆರೆದರು. "ಥಾಕ್ಷಿ ಥಹಿ" ಎಂದಿತು ಬಾಯಿ. ಮತ್ತೊಮ್ಮೆ ಹೇಳಿದರು, ಎಂಜಲು ಸಿಡಿಯಿತು. ಹೆಂಗಸಿನ ಕಣ್ಣು ತುಂಬಿತು. ಇಪ್ಪತ್ತೆರಡು ವರ್ಷದಲ್ಲಿ ಆ ಕಿಟಕಿಯಿಂದ ಯಾರೂ ಅವಮಾನವಾಗಿ ಹಿಂದಿರುಗಿರಲಿಲ್ಲ. ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

ಸುತ್ತೋಲೆ ಅವರಿಗೆ ಬಾಯಿಪಾಠವಾಗಿತ್ತು. ಐದನೇ ಕಲಮು ಹೀಗಿತ್ತು: "ಆಹಾರ ಸೇವಿಸುವ ಹೊತ್ತಿನ ಹೊರತು ಕೆಲಸದ ವೇಳೆಯಲ್ಲಿ ಹಲ್ಲುಗಳನ್ನು ತೆಗೆಯತಕ್ಕದ್ದಲ್ಲ." ಮೂರನೇ ಕಿಟಕಿಯವರು ಮೇಜಿನ ಕೆಳಗಿನ ಬುತ್ತಿಯಿಂದ ಒಂದು ಚೂರು ಬ್ರೆಡ್ಡು ಮುರಿದರು. ಹಲ್ಲುಗಳನ್ನು ತೆಗೆದು ಲೋಟದಲ್ಲಿಟ್ಟರು. ಬ್ರೆಡ್ಡನ್ನು ಕೆನ್ನೆಗೆ ಒತ್ತರಿಸಿಕೊಂಡು, "ಆಸ್ಪತ್ರೆ ಚೀಟಿ ಇದೆ ತಾಯಿ, ಗುರುತಿನ ಚೀಟಿ ಇದೆ, ಸಾಕ್ಷಿ ಸಹಿ ಒಂದು ಬೇಕು. ಹೊರಗೆ ನಿಂತಿರೋರಲ್ಲಿ ಯಾರಾದ್ರೂ ನಿಮ್ಮನ್ನ ಬಲ್ಲವರಿದ್ರೆ ಈಗಲೇ ಹಾಕಿಸ್ಕೊಂಡು ಬನ್ನಿ, ಮತ್ತೆ ಓಡಾಡೋದು ಬೇಡ" ಎಂದರು. ಎಂದು, ಸಣ್ಣಗೆ ನಕ್ಕರು.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹೆಂಗಸಿಗೆ ಅರ್ಧ ಗಂಟೆಯಲ್ಲಿ ಪತ್ರ ಸಿಕ್ಕಿತು.

ಇದನ್ನು ಜನನದಕ್ಕ ಓರೆಗಣ್ಣಲ್ಲಿ ನೋಡಿದರು. ಮಾರನೆಯ ದಿನ ಅವರೂ ಒಂದು ಬಿಸ್ಕತ್ತು ಪೊಟ್ಟಣ ತಂದರು. ವಾರದೊಳಗೆ ಕಚೇರಿಯ ಎಲ್ಲ ಕಿಟಕಿಗಳಲ್ಲೂ ನೌಕರರು ತಿನ್ನುತ್ತಾ ಮಾತಾಡುತ್ತಿದ್ದರು. ತಿನ್ನದೆ ಅಲ್ಲಿ ಕೆಲಸ ಆಗುವುದಿಲ್ಲ ಎಂದು ಊರವರು ಮೊದಲಿನಿಂದ ಹೇಳುತ್ತಿದ್ದದ್ದೇ, ಈಗ ಅದು ಕಣ್ಣಿಗೂ ಕಾಣುವಂತಾಯಿತು. ನೌಕರರ ಬುತ್ತಿ ಹನ್ನೊಂದು ಗಂಟೆಗೇ ಖಾಲಿಯಾಗುತ್ತಿತ್ತು. ಆಮೇಲೆ ಬಂದವರಿಗೆ ಹತ್ತು ಹಲ್ಲಿನ ನಗು ಸಿಗುತ್ತಿತ್ತೇ ಹೊರತು ಉತ್ತರ ಸಿಗುತ್ತಿರಲಿಲ್ಲ. ಹಲ್ಲಿದ್ದವರಿಗೆ ಕಡಲೆ ಇಲ್ಲ ಎಂಬ ಗಾದೆಯನ್ನು ಸರ್ಕಾರಿ ಖರ್ಚಿನಲ್ಲಿ ರುಜುವಾತು ಮಾಡಿದ ಹಾಗಾಯಿತು. ಜನ ಬುದ್ಧಿವಂತರು. ಬರುವಾಗ ತಾವೇ ಒಂದು ಬಾಳೆಹಣ್ಣು ತರತೊಡಗಿದರು. ಸಾಲಿನಲ್ಲಿ ನಿಂತಾಗಲೇ ಸಿಪ್ಪೆ ಸುಲಿದು, ಸರದಿ ಬಂದಾಗ ಕಿಟಕಿಯೊಳಗೆ ನೀಡಿ, ನೌಕರ ಕಚ್ಚುವಷ್ಟರಲ್ಲಿ ಪ್ರಶ್ನೆ ಕೇಳಿ ಮುಗಿಸುತ್ತಿದ್ದರು. ಎರಡು ಪ್ರಶ್ನೆ ಇದ್ದವರು ಎರಡು ಹಣ್ಣು ತರುತ್ತಿದ್ದರು.

ಮೂರನೇ ಕಿಟಕಿಯವರು ದಿನಕ್ಕೆ ಮೂವತ್ತು ಹಣ್ಣಿನ ಹತ್ತಿರ ಹೋದರು. ಹೊಟ್ಟೆ ಕೆಟ್ಟಿತು. ಹಾಗಂತ ಒಬ್ಬರನ್ನೂ ಉತ್ತರ ಕೊಡದೆ ಕಳಿಸಲಿಲ್ಲ. ಸಂಜೆ ಮನೆಗೆ ಹೋಗಿ ಊಟ ಬೇಡ ಎಂದರೆ ಹೆಂಡತಿ, "ಇವತ್ತು ಎಷ್ಟು ಜನ ಸತ್ತಿದ್ರು?" ಎಂದು ಕೇಳುತ್ತಿದ್ದಳು.

ಕಚೇರಿ ಕಣ್ಣು ಮುಚ್ಚಿ ಕೂರಲಿಲ್ಲ. ಎರಡನೆಯ ಸುತ್ತೋಲೆ ಬಂತು. "ಸಾರ್ವಜನಿಕರು ಪ್ರತಿ ಅರ್ಜಿಯೊಂದಿಗೆ ಬಾಳೆಹಣ್ಣು ಒಂದನ್ನು ಲಗತ್ತಿಸತಕ್ಕದ್ದು. ಹಣ್ಣು ಮೆತ್ತಗಿರತಕ್ಕದ್ದು, ಕೊಳೆತಿರತಕ್ಕದ್ದಲ್ಲ. ಹಣ್ಣಿಲ್ಲದ ಅರ್ಜಿಗಳನ್ನು ಅಪೂರ್ಣವೆಂದು ಪರಿಗಣಿಸಲಾಗುವುದು." ಮೆತ್ತಗಿನ ಹಣ್ಣು ಹಲ್ಲಿಗೆ ಒಳ್ಳೆಯದೆಂದು ದಂತವೈದ್ಯರು ಬರೆದುಕೊಟ್ಟಿದ್ದರು. ಕಚೇರಿಯ ಬಾಗಿಲಲ್ಲಿ ಹಣ್ಣಿನ ಗಾಡಿ ಹಾಕಲು ಅನುಮತಿ ಸಿಕ್ಕಿದ್ದು ಕೂಡ ಅವರಿಗೇ. ಗಾಳಿ ಬಂದಾಗ ತೂರಿಕೊಳ್ಳುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಹೀಗೆ ಹತ್ತು ತಿಂಗಳು ಕಳೆಯಿತು. ಆ ವರ್ಷದ ಉತ್ತಮ ಕಚೇರಿ ಪ್ರಶಸ್ತಿಗೆ ಅರ್ಜಿ ಹಾಕಬೇಕೆಂದು ಮುಖ್ಯಾಧಿಕಾರಿಗಳು ನಗುವಿನ ಕಡತವನ್ನು ಹೊರತೆಗೆಸಿದರು. ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಪ್ರತಿ ಮಾಡುವ ಕೆಲಸ ಮೂರನೇ ಕಿಟಕಿಯವರಿಗೆ ಬಂತು. ಅವರು ಮೊದಲ ಪುಟ ತೆರೆದರು. ಗೋಂದು ಒಣಗಿ ಸಿಬಿರೆದ್ದಿತ್ತು. ಚೀಟಿ ತಾನಾಗಿ ಕಳಚಿ ಮಡಿಲಿಗೆ ಬಿತ್ತು, ಬೋರಲಾಗಿ.

ಹಿಂದುಗಡೆಯೂ ಬರವಣಿಗೆ ಇತ್ತು. ಮುಂದುಗಡೆಯ ಮಾತು ಅಲ್ಲಿಗೇ ಮುಗಿದಿರಲಿಲ್ಲ, ಹಿಂದುಗಡೆಗೆ ಹರಿದಿತ್ತು. "ಮೂರನೇ ಕಿಟಕಿಯವರೊಬ್ಬರನ್ನು ಬಿಟ್ಟು."

ಅವರು ಅದನ್ನು ಮೂರು ಸಲ ಓದಿದರು. ಯಾರು ಬರೆದರೋ, ಯಾರ ಸಾವಿಗೆ ಬಂದಿದ್ದರೋ. ಚೀಟಿ, ಒಂದು ಬಾಳೆಹಣ್ಣು, ಲೋಟ ಹಿಡಿದು ಮುಖ್ಯಾಧಿಕಾರಿಗಳ ಕೋಣೆಗೆ ಹೋದರು. ಉಗ್ರಾಣದವರೂ ಅಲ್ಲೇ ಇದ್ದರು. ಮೂರನೇ ಕಿಟಕಿಯವರು ಹಲ್ಲು ತೆಗೆದು ಲೋಟದಲ್ಲಿಟ್ಟು, ಬಾಳೆಹಣ್ಣು ಕಚ್ಚಿ ವಿಷಯ ತಿಳಿಸಿದರು.

ಮುಖ್ಯಾಧಿಕಾರಿಗಳು ಚೀಟಿಯ ಮುಂದುಗಡೆಯನ್ನು ಮಾತ್ರ ನೋಡಿದರು. "ಇದರಲ್ಲಿ ಪುಟ ಸಂಖ್ಯೆ ಎಲ್ಲಿ ಹಾಕಿದೆ?"

"ಮುಂದುಗಡೆ, ಅಂಟಿಸಿದ ಹಾಳೆ ಮೇಲೆ ಸಾರ್."

"ಹಿಂದುಗಡೆಗೆ ಹಾಕಿದೆಯಾ?"

"ಇಲ್ಲ ಸಾರ್. ಅಂಟಿಸಿಬಿಟ್ಟಿದ್ರು."

"ಹಾಗಾದ್ರೆ ಕಡತದಲ್ಲಿ ಹಿಂದುಗಡೆ ಅನ್ನೋದು ಇಲ್ಲ. ಅಂಟಿಸಿದ್ದು ಎಷ್ಟು ಕಾಣುತ್ತೋ ಅಷ್ಟೇ ಇರೋದು. ಹೋಗಿ, ಗಟ್ಟಿಯಾಗಿ ಅಂಟಿಸಿ."

ಮೂರನೇ ಕಿಟಕಿಯವರು ಕೈಯಲ್ಲಿದ್ದ ಅರ್ಧ ಹಣ್ಣು ನೋಡಿದರು, ಇನ್ನೊಂದು ಕೈಯ ಲೋಟದಲ್ಲಿದ್ದ ಹಲ್ಲು ನೋಡಿದರು. ತಡೆಯಲಾಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವರು ಬಾಯಿ ತೆರೆದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಉಗ್ರಾಣದವರಿಗೆ ಕರ್ತವ್ಯದ ಮುಂದೆ ಬೇರೇನೂ ಇಲ್ಲ. ಜೇಬಿನಿಂದ ಪಟ್ಟಿ ತೆಗೆದು ಅಳೆದರು.

"ಅರವತ್ತಾರು ಸಾರ್. ಹಲ್ಲು ಹನ್ನೆರಡು. ಕಚೇರಿಯಲ್ಲೇ ಜಾಸ್ತಿ."

"ಯಾವ ದಾಸ್ತಾನಿಂದ ಬಂತು ಇದು?"

"ದಾಸ್ತಾನಿನದಲ್ಲ ಸಾರ್. ಅವರದೇ."

"ಹಾಗಾದ್ರೆ ಅನಧಿಕೃತ" ಎಂದರು ಮುಖ್ಯಾಧಿಕಾರಿಗಳು. "ಲೆಕ್ಕಕ್ಕೆ ತಗೋಬೇಡಿ. ಇವರಿಗೂ ವಯಸ್ಸಾಯ್ತು, ಈ ಸಲ ಬಿಟ್ಟಿದೀನಿ."

ಮೂರನೇ ಕಿಟಕಿಯವರು ತಮ್ಮ ಜಾಗಕ್ಕೆ ಬಂದು ಗೋಂದಿನ ಶೀಶೆ ತೆರೆದರು. ಹೇಳಿದಂತೆ ಚೀಟಿಯನ್ನು ಗಟ್ಟಿಯಾಗಿ, ನಾಲ್ಕೂ ಮೂಲೆ ಒತ್ತಿ ಅಂಟಿಸಿದರು. ಯಾವ ಬದಿ ಮೇಲಿರಬೇಕು ಎಂದು ಯಾರೂ ಹೇಳಿರಲಿಲ್ಲ. "ಮೂರನೇ ಕಿಟಕಿಯವರೊಬ್ಬರನ್ನು ಬಿಟ್ಟು" ಎನ್ನುವುದು ಮೇಲೆ ಬಂತು.

ಮುಂದಿನ ತಿಂಗಳು ಮೇಲಿನ ಕಚೇರಿಯಿಂದ ತಪಾಸಣೆಯವರು ಬಂದರು. ಪುಟ ಒಂದನ್ನು ಓದಿದರು, ಪುಟ ಎರಡರಲ್ಲಿ ಸುತ್ತೋಲೆಯನ್ನು ಓದಿದರು, ಮತ್ತೆ ಪುಟ ಒಂದಕ್ಕೆ ಬಂದರು. ಅವರ ಷರಾ ಹೀಗಿತ್ತು: "ಸದರಿ ಸುತ್ತೋಲೆಯು ಮೂರನೇ ಕಿಟಕಿಯವರಿಗೆ ಅನ್ವಯಿಸುವುದಿಲ್ಲವೆಂದು ಕಡತದ ಮೊದಲನೆಯ ಪುಟದಲ್ಲೇ ಸ್ಪಷ್ಟವಾಗಿದ್ದರೂ, ಸದರಿಯವರಿಗೆ ಹನ್ನೊಂದು ತಿಂಗಳ ಕಾಲ ಹಲ್ಲು ತೊಡಿಸಿರುವುದು ಲೋಪವಾಗಿರುತ್ತದೆ." ಮುಖ್ಯಾಧಿಕಾರಿಗಳು ಪುಟ ಒಂದನ್ನು ನೋಡಿದರು. ಅಂಟಿಸಿದ್ದು ಎಷ್ಟು ಕಾಣುತ್ತದೋ ಅಷ್ಟೇ ಇತ್ತು. ತಾವೇ ಹೇಳಿದ ಮಾತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಲೋಪ ಸರಿಪಡಿಸಲಾಗಿದೆ ಎಂದು ಬರೆದು ಸಹಿ ಹಾಕಿದರು. ಹನ್ನೊಂದನೇ ನಂಬರಿನ ಹಲ್ಲು ಉಗ್ರಾಣಕ್ಕೆ ವಾಪಸಾಯಿತು, ಬಳಸಿದ್ದು ಎಂದು ನಮೂದಾಗಿ. ಕಚೇರಿಗೆ ಪ್ರಶಸ್ತಿಯೂ ಬಂತು. ಚಿತ್ರ ತೆಗೆಯುವಾಗ ಹದಿನೆಂಟು ಜನ ಮುಖ್ಯಾಧಿಕಾರಿಗಳ ಹಾಗೆ ನಕ್ಕರು, ತುದಿಯಲ್ಲಿ ಒಬ್ಬರು ಮಾತ್ರ ಬಾಯಿ ಮುಚ್ಚಿಕೊಂಡಿದ್ದರು.

ನಿವೃತ್ತಿಗೆ ಎರಡು ವಾರ ಇರುವಾಗ ಬಟ್ಟೆ ಹೊಲಿಯುವ ಹೆಂಗಸು ಮತ್ತೆ ಬಂದಳು. ಈ ಸಲ ಅತ್ತೆಯ ಪತ್ರಕ್ಕೆ. ಅವಳ ಕೈಯಲ್ಲಿ ಅರ್ಜಿ ಇತ್ತು, ಅರ್ಧ ಸುಲಿದ ಬಾಳೆಹಣ್ಣೂ ಇತ್ತು. ಮೂರನೇ ಕಿಟಕಿಯವರು ತಿರುವಿ ನೋಡಿ, "ಎಲ್ಲ ಸರಿ ಇದೆ ತಾಯಿ, ಸಾಕ್ಷಿ ಸಹಿ ಕೂಡ ಹಾಕಿಸಿದೀರಿ. ಕೂತಿರಿ, ಈಗಲೇ ಕೊಡ್ತೀನಿ" ಎಂದರು.

ಅವಳು ಹಣ್ಣನ್ನು ಹಿಂದಕ್ಕೆ ಎಳೆದುಕೊಂಡಳು. "ನೀವು ಆ ಹಲ್ಲು ಹಾಕಿಲ್ವಲ್ಲ ಅಣ್ಣ. ಮತ್ತೆ ಇದು ಬೇಡ್ವಾ?"

"ಹಲ್ಲಿನಿಂದ ನನಗೆ ವಿನಾಯಿತಿ ಆಗಿದೆ. ಹಣ್ಣಿನಿಂದ ಅರ್ಜಿಗೆ ವಿನಾಯಿತಿ ಆಗಿಲ್ಲ. ಲಗತ್ತಿಸಿ."

"ಸರಿ ಬಿಡಿ, ನಿಯಮ ಅಂದ್ಮೇಲೆ ನಿಯಮ" ಎಂದು ಅವಳು ಹಣ್ಣನ್ನು ಅರ್ಜಿಯ ಮೇಲಿಟ್ಟು ಒಳಗೆ ತಳ್ಳಿದಳು. ಹಿಂದೆ ನಿಂತಿದ್ದವರು ತಮ್ಮ ತಮ್ಮ ಹಣ್ಣು ಸುಲಿಯತೊಡಗಿದರು. ಮೂರನೇ ಕಿಟಕಿಯವರು ಹಣ್ಣಿಗೆ ಮೊಹರು ಒತ್ತಿ ಪಕ್ಕಕ್ಕಿಟ್ಟು, ತುಟಿ ಬಿಚ್ಚದೆ, ನಲವತ್ತಾರು ಮಿಲಿಮೀಟರ್ ನಕ್ಕರು.